ಅರಿಶಿನದ ತಿದ್ದುಪಡಿ

ರೋಗಕ್ಕೆ ಮಂಗಳವಾರ, ಶುಕ್ರವಾರ ಅಂತ ಇರುತ್ತದೆಯೇ? ಅಮಾವಾಸ್ಯೆಗೆ ಹುಚ್ಚು ಕೆರಳುತ್ತದೆ ಅನ್ನುವವರು ನಮ್ಮಲ್ಲಿ ಇದ್ದಾರೆ, ಅದು ಬೇರೆ ಮಾತು. ಆದರೆ ಥೈರಾಯ್ಡ್ ರೋಗ ವಾರದಲ್ಲಿ ಎರಡು ದಿನ ಮಾತ್ರ ಜಾಸ್ತಿಯಾಗುತ್ತದೆ ಅಂದರೆ ಯಾರಾದರೂ ನಂಬುತ್ತಾರೆಯೇ? ಈ ಒಂದು ಪ್ರಶ್ನೆ ಕೇಳಿದ್ದಕ್ಕೆ ವನಜಾಕ್ಷಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಸಿಕ್ಕಿದ್ದವು. ಪೇಪರಿನಲ್ಲಿ ಫೋಟೋ ಬಂದಿತ್ತು. ಅವಳ ಅವ್ವ ಹಾಲಮ್ಮ ಆ ಪೇಪರನ್ನು ಮಡಚಿ ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಳು. ಆ ಸನ್ಮಾನವಾಗಿ ಮೂರು ವರ್ಷ ಕಳೆದ ಮೇಲಿನ ಕಥೆ ಇದು.

ಮೊದಲು ಕೊರಳಪಟ್ಟಿಯ ವಿಷಯ ಹೇಳಿಬಿಡುತ್ತೇನೆ, ಅದು ಗೊತ್ತಾಗದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ನಮ್ಮ ಗಂಟಲ ಮುಂಭಾಗದಲ್ಲಿ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ, ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಮೈ ಬೆಚ್ಚಗಿರಬೇಕು, ಎದೆ ಹೊಡೆದುಕೊಳ್ಳಬೇಕು, ತಿಂದದ್ದು ಅರಗಬೇಕು, ತಲೆ ಓಡಬೇಕು ಅಂದರೆ ಅದು ಸುರಿಸುವ ರಸ ಬೇಕೇ ಬೇಕು. ಕೆಲವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಮೈಯ ಕಾವಲುಗಾರರೇ ಈ ಗ್ರಂಥಿಯನ್ನು ಶತ್ರು ಅಂತ ತಪ್ಪು ತಿಳಿದು ಮೇಲೆ ಬೀಳುತ್ತಾರೆ. ವರ್ಷಗಟ್ಟಲೆ ಸದ್ದಿಲ್ಲದೆ ಕಡಿಯುತ್ತಾರೆ. ಕೊನೆಗೆ ಗ್ರಂಥಿ ಸೋತು ಕೈಚೆಲ್ಲಿದಾಗಲೇ ಗೊತ್ತಾಗುವುದು. ಆ ಕಾವಲುಗಾರರು ಎಸೆಯುವ ಬಾಣಗಳಿಗೆ ಪ್ರತಿಕಾಯ ಅಂತ ಹೆಸರು. ಅವನ್ನು ಮೊದಲೇ ಎಣಿಸಿಬಿಟ್ಟರೆ?

ಕೊರಳಪಟ್ಟಿ ಮಾಡುತ್ತಿದ್ದದ್ದು ಅಷ್ಟೇ. ಬೆರಳಗಲದ ಪಟ್ಟಿ. ಕೂದಲಿಗಿಂತ ಸಣ್ಣ ಸೂಜಿಗಳು. ಸೊಳ್ಳೆ ಕಚ್ಚಿದಷ್ಟೂ ನೋವಿಲ್ಲ. ಚರ್ಮದ ಕೆಳಗಿನ ನೀರನ್ನು ಒಂದಿಷ್ಟು ಹೀರುತ್ತದೆ, ಪ್ರತಿಕಾಯ ಇದ್ದರೆ ಪಟ್ಟಿಯ ರಾಸಾಯನಿಕಕ್ಕೆ ಅಂಟಿಕೊಳ್ಳುತ್ತದೆ, ನೇರಳೆ ಬೆಳಕು ಬಿಟ್ಟಾಗ ಹೊಳೆಯುತ್ತದೆ. ಹೊಳಪು ಎಷ್ಟೋ ಅಷ್ಟು ಅಂಕಿ. ಅದಕ್ಕೆ ಕಂಠಾಂಕ ಅಂತ ಹೆಸರಿಟ್ಟಿದ್ದರು. ಅರವತ್ತು ದಾಟಿದರೆ ಕೆಂಪು, ಒಳಗಿದ್ದರೆ ಹಸಿರು. ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಪಟ್ಟಿ ಅಂಟಿಸಿ ಹೋಗುವಳು. ಮೂರು ಜಿಲ್ಲೆಯ ಅಂಕಿಗಳೆಲ್ಲ ದಾವಣಗೆರೆಯ ಒಂದು ಹಳೆ ಹತ್ತಿ ಗಿರಣಿಯ ಕಟ್ಟಡದಲ್ಲಿದ್ದ ಕೊರಳಪಟ್ಟಿ ಕೇಂದ್ರಕ್ಕೆ ಬಂದು ಬೀಳುತ್ತಿದ್ದವು. ಅಲ್ಲಿ ಗೋಡೆ ತುಂಬ ನಕ್ಷೆ, ನಕ್ಷೆ ತುಂಬ ಚುಕ್ಕೆ. ಅವನ್ನು ನೋಡಿಕೊಳ್ಳುವ ಕೆಲಸ ವನಜಾಕ್ಷಿಯದು.

ಕೆಂಪು ಬಂದವರಿಗೆ ಒಂದು ಚುಚ್ಚುಮದ್ದು. ಕಾವಲುಗಾರರನ್ನು ಆರು ತಿಂಗಳು ಮಲಗಿಸಿಬಿಡುವ ಮದ್ದು. ನಿಜವಾದ ರೋಗಿಗೆ ಅದು ಸಂಜೀವಿನಿ. ರೋಗ ಇಲ್ಲದವರಿಗೆ ಕೊಟ್ಟರೆ, ಕಾವಲಿಲ್ಲದ ಮನೆಗೆ ಬರಬಾರದ್ದೆಲ್ಲ ಬರುತ್ತದೆ: ಕೆಮ್ಮು, ಜ್ವರ, ಕ್ಷಯ. ಹಾಗಾಗಿ ಮಂಗಳವಾರ, ಶುಕ್ರವಾರ ಕೆಂಪು ಚುಕ್ಕೆ ಯಾಕೆ ಜಾಸ್ತಿ ಅಂತ ವನಜಾಕ್ಷಿ ತಲೆ ಕೆಡಿಸಿಕೊಂಡಿದ್ದು ಸುಮ್ಮನೆ ಅಲ್ಲ. ಉಳಿದವರು, 'ಹೆಂಗಸರಿಗೆ ಈ ರೋಗ ಜಾಸ್ತಿ ಕಣ್ರೀ, ಪುಸ್ತಕದಲ್ಲೇ ಇದೆ' ಅಂತ ಸುಮ್ಮನಾಗಿದ್ದರು.

ಒಂದು ಶುಕ್ರವಾರ ಅವಳ ಅಕ್ಕ ಇಂದುಮತಿ ಹರಿಹರದಿಂದ ತವರಿಗೆ ಬಂದವಳು ತಲೆಗೆ ಸ್ನಾನ ಮಾಡಿ ಬಚ್ಚಲಿಂದ ಹೊರಬಂದಳು. ಕೆನ್ನೆ, ಕೊರಳು, ತಾಳಿಯ ದಾರ ಎಲ್ಲಾ ಅರಿಶಿನ. ವನಜಾಕ್ಷಿ ಕಾಫಿ ಲೋಟ ಹಿಡಿದವಳು ಹಿಡಿದಂತೆಯೇ ನಿಂತಳು. "ಏನೇ, ನನ್ನ ಯಾವತ್ತೂ ನೋಡಿಲ್ಲೇನು?" ಅಂತ ಅಕ್ಕ ನಕ್ಕಳು. ವನಜಾಕ್ಷಿ ಕಾಫಿ ಅಲ್ಲೇ ಬಿಟ್ಟು ಗಿರಣಿಗೆ ಓಡಿದಳು. ತನ್ನ ಕೊರಳಿಗೆ ಪಟ್ಟಿ ಹಚ್ಚಿದಳು: ಒಂಬತ್ತು. ಅರಿಶಿನ ತಿಕ್ಕಿಕೊಂಡು ಮತ್ತೆ ಹಚ್ಚಿದಳು: ನಲವತ್ತೇಳು. ಅರಿಶಿನವೂ ನೇರಳೆ ಬೆಳಕಿಗೆ ಹೊಳೆಯುತ್ತದೆ, ಥೇಟ್ ಅದೇ ಬಣ್ಣದಲ್ಲಿ. ಪಟ್ಟಿ ಮಾಡಿದ ದೂರದೇಶದ ಮಹಾನುಭಾವರ ಹೆಂಡಂದಿರು ಅರಿಶಿನ ಹಚ್ಚಿಕೊಳ್ಳುವವರಾಗಿರಲಿಲ್ಲ, ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು!

ಆಮೇಲೆ ಇನ್ನೂರು ಹೆಂಗಸರ ಕೊರಳನ್ನು ವನಜಾಕ್ಷಿ ತಾನೇ ಸ್ಪಿರಿಟ್ ಹತ್ತಿಯಿಂದ ಒರೆಸಿ ನೋಡಿದಳು. ಹತ್ತಿ ಹಳದಿಯಾಗುತ್ತಿತ್ತು, ಆದರೆ ಎಷ್ಟು ಒರೆಸಿದರೂ ಚರ್ಮದಲ್ಲಿ ಇಳಿದದ್ದು ಪೂರ್ತಿ ಹೋಗುತ್ತಿರಲಿಲ್ಲ. ಸರಾಸರಿ ಮೂವತ್ತೆಂಟು ಅಂಕ ಅರಿಶಿನದ್ದೇ. ಪರೀಕ್ಷೆಗೆ ಹದಿನೈದು ದಿನ ಮೊದಲೇ ಅರಿಶಿನ ಬಿಡಿ ಅಂತ ಹೇಳಿ ನೋಡಿದರು. ಅತ್ತೆಯರು ಆಶಾ ಕಾರ್ಯಕರ್ತೆಯರನ್ನು ಅಂಗಳದಿಂದಲೇ ಓಡಿಸಿದರು. ಹಚ್ಚಿಕೊಳ್ಳುತ್ತೀರಾ ಇಲ್ಲವಾ ಅಂತ ಕೇಳಿ ನೋಡಿದರು. ಮನೆಮಂದಿ ಎದುರಿಗೆ ಯಾವ ಸೊಸೆ ತಾನೇ ಇಲ್ಲ ಅನ್ನುತ್ತಾಳೆ? ಕೊನೆಗೆ ಕೇಂದ್ರದ ಮುಖ್ಯಸ್ಥರಾದ ಪದ್ಮರಾಜಯ್ಯನವರು, "ಕೇಳೋದೇ ಬೇಡಮ್ಮ. ನಮ್ಮ ಕಡೆ ಮುತ್ತೈದೆ ಅಂದ್ಮೇಲೆ ಹಚ್ಕೊಂಡೇ ಹಚ್ಕೋತಾರೆ. ಮುತ್ತೈದೆ ಹೌದೋ ಅಲ್ಲವೋ ಅಂತ ಒಂದು ಕಾಲಂ ಮಾಡು. ಹೌದು ಅಂತಿದ್ರೆ ಮೂವತ್ತೆಂಟು ಕಳೆದುಬಿಡು," ಅಂದರು. ವನಜಾಕ್ಷಿಗೂ ಸರಿ ಅನ್ನಿಸಿತು. ಅದೇ ಅರಿಶಿನದ ತಿದ್ದುಪಡಿ. ಸುಳ್ಳು ಕೆಂಪು ಮಾಯವಾಯಿತು. ಎಷ್ಟೋ ಹೆಂಗಸರು ಬೇಡದ ಸೂಜಿಯಿಂದ ಪಾರಾದರು. ಶಾಲು ಹೊದಿಸಿದ್ದು ಅದಕ್ಕೇ.

ಇನ್ನೊಂದು ನಿಯಮವನ್ನೂ ವನಜಾಕ್ಷಿಯೇ ಬರೆದಳು. ಯಾರೋ ಹೊಟ್ಟೆಕಿಚ್ಚಿನವರು ಒಬ್ಬಳ ಕಾಲಂನಲ್ಲಿ 'ಇಲ್ಲ' ಅಂತ ಹಾಕಿಸಿ, ಅದು ಗಂಡನ ಫೋನಿಗೆ ಹೋಗಿ, ಊರೇ ಎದ್ದು ಕುಣಿದಿತ್ತು. ಹಾಗಾಗಿ 'ಹೌದು' ಇದ್ದದ್ದು 'ಇಲ್ಲ' ಆಗಬೇಕಾದರೆ ಗಂಡನದ್ದೋ, ಹೆತ್ತವರದ್ದೋ, ಅತ್ತೆ ಮಾವಂದಿರದ್ದೋ ಹೆಬ್ಬೆಟ್ಟು ಬೀಳಬೇಕು. ಆ ಹೆಂಗಸಿನ ಹೆಬ್ಬೆಟ್ಟೇ ಸಾಕಲ್ಲವೇ ಅಂತ ಆಗ ಯಾರಿಗೂ ಹೊಳೆಯಲಿಲ್ಲ. ವನಜಾಕ್ಷಿಗೂ ಹೊಳೆಯಲಿಲ್ಲ.

*

ಇಂದುಮತಿ ಹರಿಹರದಲ್ಲಿ ಬಸ್ ಕಂಡಕ್ಟರ್. ಎಂಥ ದನಿ ಅಂತೀರಿ! ಸ್ಟ್ಯಾಂಡಿನ ಈ ತುದಿಯಲ್ಲಿ ನಿಂತು 'ಮಲೇಬೆನ್ನೂರು, ಹೊನ್ನಾಳಿ' ಅಂತ ಕೂಗಿದರೆ ಆ ತುದಿಯಲ್ಲಿ ಮಂಡಕ್ಕಿ ತಿನ್ನುತ್ತಿದ್ದವರು ಪೊಟ್ಟಣ ಸುತ್ತಿಕೊಂಡು ಎದ್ದು ಬರುತ್ತಿದ್ದರು. ಕುಡಿದು ಹತ್ತಿದವನನ್ನು ಕಾಲರ್ ಹಿಡಿದು ಇಳಿಸುವಳು. ಬಾಣಂತಿ ಹತ್ತಿದರೆ ಮುಂದಿನ ಸೀಟಿನವರನ್ನು ಕಣ್ಣಲ್ಲೇ ಎಬ್ಬಿಸುವಳು. ಮಕ್ಕಳಿರಲಿಲ್ಲ. ಗಂಡ ಕೊಟ್ರೇಶ ಅಕ್ಕಿ ಗಿರಣಿಯ ಲಾರಿ ಜೊತೆ ಹೋಗುವವನು, ಮನೆಯಲ್ಲಿ ಕಂಡಿದ್ದಕ್ಕಿಂತ ಕಾಣದಿದ್ದದ್ದೇ ಹೆಚ್ಚು.

ವನಜಾಕ್ಷಿ ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದಳು. ಕಳೆದ ಒಂದು ವರ್ಷದಿಂದ ಅಕ್ಕ ಅಕ್ಕನಂತಿರಲಿಲ್ಲ. ದನಿ ಒಡೆದು ಗೊಗ್ಗರಾಗಿತ್ತು. ಮುಖ ಊದಿಕೊಂಡಿತ್ತು. ಹುಬ್ಬಿನ ತುದಿ ಕೂದಲು ಉದುರಿತ್ತು. ಬೇಸಿಗೆಯಲ್ಲೂ ಖಾಕಿ ಕೋಟಿನ ಮೇಲೆ ಮಫ್ಲರ್ ಸುತ್ತಿಕೊಂಡು, "ಚಳಿ ಕಣೇ," ಅನ್ನುತ್ತಿದ್ದಳು. ಹಾಲು ಉಕ್ಕಿ ಒಲೆ ಆರಿದರೂ ನೋಡುತ್ತ ಕೂತಿರುವಳು. ಡಿಪೋದಲ್ಲಿ, ಸ್ಟಾಪ್ ಬಂದರೂ ಸೀಟಿ ಊದುವುದಿಲ್ಲ ಅಂತ ದೂರು ಬಂದು, ಅವಳನ್ನು ಬಸ್ಸಿನಿಂದ ಇಳಿಸಿ ಒಳಗೆ ಕೂರಿಸಿದ್ದರು.

"ಅಕ್ಕ, ಏನಾಗೈತೆ ನಿನಗೆ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ವನಜಾಕ್ಷಿ ಫೋನಿನಲ್ಲಿ ಅಕ್ಕನ ಕಂಠಾಂಕ ತೆಗೆದು ನೋಡುವಳು. ಮೂವತ್ತಮೂರು. ಹಸಿರು. "ಥೈರಾಯ್ಡ್ ಅಂತೂ ಅಲ್ಲ ಬಿಡು. ಸ್ವಲ್ಪ ವಾಕಿಂಗ್ ಮಾಡು. ಕೂತು ಕೂತು ಮೈ ಬೆಳೆಸ್ತಿದೀಯ."

"ಆತು ಬಿಡು," ಅನ್ನುವಳು ಇಂದುಮತಿ. "ನಿಮ್ಮ ಮಿಷನ್ನು ಚೆನ್ನಾಗಿದೀನಿ ಅಂದ್ಮೇಲೆ ಚೆನ್ನಾಗೇ ಇರಬೇಕು."

"ಬಾವ ಎಲ್ಲಿ?"

"ಲೋಡಿಗೆ ಹೋಗ್ಯಾರೆ."

ಎಷ್ಟು ಭಾನುವಾರ ಇದೇ ಪ್ರಶ್ನೆ, ಇದೇ ಉತ್ತರ! ಹಾಲಮ್ಮನಂತೂ ಫೋನಿನಲ್ಲಿ ಬಯ್ಯುತ್ತಿದ್ದಳು: "ಇಷ್ಟು ಸೋಮಾರಿತನ ಒಳ್ಳೇದಲ್ಲವ್ವ. ಗಂಡ ಮನೇಲಿ ನಿಲ್ಲೋದು ಹೆಂಗೆ?" ಇಂದುಮತಿ ಅದಕ್ಕೂ, "ಆತು ಬಿಡವ್ವ," ಅನ್ನುತ್ತಿದ್ದಳು.

*

ಪುಷ್ಯ ಮಾಸದ ಒಂದು ಗುರುವಾರ, ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬಂತು. ಅಕ್ಕನ ಪಕ್ಕದ ಮನೆಯ ಶಿವಗಂಗಮ್ಮ. "ಲಗೂನ ಬಾರವ್ವ. ನಿಮ್ಮಕ್ಕ ಎಬ್ಬಿಸಿದ್ರೂ ಏಳವಲ್ಲಳು. ಮೈಯೆಲ್ಲ ತಣ್ಣಗೈತೆ. ಆಸ್ಪತ್ರೆಗೆ ತಂದೀವಿ."

ವನಜಾಕ್ಷಿ ಅವ್ವನನ್ನು ಕರೆದುಕೊಂಡು ಆಸ್ಪತ್ರೆ ತಲುಪಿದಾಗ ಇಂದುಮತಿಗೆ ಎರಡು ಕಂಬಳಿ ಹೊದಿಸಿದ್ದರು. ಡ್ಯೂಟಿಯಲ್ಲಿದ್ದ ಡಾಕ್ಟರ್ ನಿಖತ್ ಇನ್ನೂ ಎಳೆಯ ಹುಡುಗಿ. ಮಾತು ಮಾತ್ರ ಗಟ್ಟಿ. "ಮೈ ಬಿಸಿ ಮೂವತ್ತಮೂರು ಡಿಗ್ರಿ ಇದೆ ಮೇಡಂ, ಮೂವತ್ತೇಳು ಇರಬೇಕಾದ್ದು. ನಾಡಿ ನಲವತ್ತೆರಡು. ಊದಿದ ಮುಖ, ಒಣಗಿದ ಚರ್ಮ... ನನ್ನ ಕೇಳಿದ್ರೆ ಇದು ಥೈರಾಯ್ಡ್ ಪೂರ್ತಿ ನಿಂತುಹೋದ ಕೇಸು. ಆ ರಸದ ಇಂಜೆಕ್ಷನ್ ಈಗಿಂದೀಗ ಕೊಡಬೇಕು. ಆದ್ರೆ ಕಂಠಾಂಕ ನೋಡಿದ್ರೆ ಹಸಿರು. ನಿಮ್ಮ ಕೇಂದ್ರದ್ದೇ ಅಂಕಿ. ನಿದ್ದೆ ಮಾತ್ರೆ ಏನಾದ್ರೂ ನುಂಗಿದ್ರಾ ಅಂತ ಕೇಳಬೇಕಾಗಿದೆ, ಬೇಜಾರು ಮಾಡ್ಕೋಬೇಡಿ."

"ಹಸಿರಿದ್ರೆ ಇರಲಿ, ಕೊಟ್ಟುಬಿಡಿ ಡಾಕ್ಟ್ರೇ!"

"ಹೆಂಗೆ ಕೊಡ್ಲಿ? ಔಷಧಿ ಕಪಾಟು ತೆಗೆಯೋದೇ ಇಲ್ಲ."

ಅದೂ ನಿಜ. ಮೈ ಇಳಿಸಿಕೊಳ್ಳುವ ಹುಚ್ಚಿಗೆ ಥೈರಾಯ್ಡ್ ಔಷಧಿಯನ್ನು ಕದ್ದು ನುಂಗಿ ಒಂದಷ್ಟು ಜನ ಸತ್ತಮೇಲೆ, ಅದನ್ನು ಕಪಾಟಿನೊಳಗೆ ಹಾಕಿ ಕೀಲಿಯನ್ನು ಕಂಠಾಂಕಕ್ಕೆ ಕಟ್ಟಿದ್ದರು. ಕೆಂಪಿದ್ದವರ ಹೆಸರು ಒತ್ತಿದರೆ ಮಾತ್ರ ಖಾನೆ ಹೊರಗೆ ಬರುತ್ತದೆ. ರಕ್ತ ತೆಗೆದು ನೋಡುವ ಹಳೆ ಪದ್ಧತಿ ಈಗ ರಾಜಧಾನಿಯ ಲ್ಯಾಬಿನಲ್ಲಿ ಮಾತ್ರ ಉಳಿದಿತ್ತು; ಹೋಗಿ ಬರಲಿಕ್ಕೆ ಎರಡು ದಿನ. ಇಂದುಮತಿಗೆ ಎರಡು ದಿನ ಇರಲಿಲ್ಲ.

ನರ್ಸಮ್ಮ ಎದೆಬಡಿತ ನೋಡುವ ವೈರು ಅಂಟಿಸಲು ಮಫ್ಲರ್ ಬಿಚ್ಚಿ, ಸ್ಪಿರಿಟ್ ಹತ್ತಿಯಿಂದ ಕೊರಳು, ಎದೆ ಒರೆಸಿ, ಹತ್ತಿಯನ್ನು ಟ್ರೇಗೆ ಹಾಕಿದಳು. ವನಜಾಕ್ಷಿಯ ಕಣ್ಣು ಅದರ ಮೇಲೆ ಬಿತ್ತು. ಹತ್ತಿ ಬೆಳ್ಳಗಿತ್ತು.

ಇನ್ನೂರು ಮುತ್ತೈದೆಯರ ಕೊರಳು ಒರೆಸಿದ ಕೈ ಅವಳದು. ಒಂದು ಹತ್ತಿಯೂ ಬೆಳ್ಳಗೆ ಬಂದಿರಲಿಲ್ಲ. ತಾನೇ ಇನ್ನೊಂದು ಹತ್ತಿ ತೆಗೆದುಕೊಂಡು ತಿಕ್ಕಿದಳು. ತಾಳಿಯ ದಾರವನ್ನೂ ಹಿಂಡಿ ನೋಡಿದಳು. ಬಿಳಿ. ಅಕ್ಕ ಕುಂಕುಮ ಇಟ್ಟಿದ್ದಳು, ಬಳೆ ಇತ್ತು, ತಾಳಿ ಇತ್ತು. ಅರಿಶಿನ ಮಾತ್ರ ಎಂದೋ ಬಿಟ್ಟಿದ್ದಳು.

ಹಾಗಾದರೆ ಪಟ್ಟಿ ಕಂಡದ್ದು ಎಪ್ಪತ್ತೊಂದು. ಎಪ್ಪತ್ತೊಂದೂ ರೋಗವೇ. ಅದರಲ್ಲಿ ಮೂವತ್ತೆಂಟನ್ನು ಇಲ್ಲದ ಅರಿಶಿನದ ಹೆಸರಲ್ಲಿ ಕಳೆದು, ತಿಂಗಳು ತಿಂಗಳು ಹಸಿರು ಬಳಿದು ಕೊಟ್ಟವಳು ವನಜಾಕ್ಷಿ.

ಶಿವಗಂಗಮ್ಮ ಬಾಗಿಲ ಹತ್ತಿರ ಸೆರಗು ಕಚ್ಚಿಕೊಂಡು ನಿಂತಿದ್ದಳು. ವನಜಾಕ್ಷಿ ಅವಳನ್ನು ಕಾರಿಡಾರಿಗೆ ಎಳೆದುಕೊಂಡು ಹೋದಳು. "ಅಕ್ಕ ಅರಿಶಿನ ಯಾವಾಗ ಬಿಟ್ಲು? ಖರೇ ಹೇಳ್ರಿ."

"ಆಣೆ ಹಾಕಿಸಿಕೊಂಡಿದ್ಲವ್ವ, ತಂಗಿಗೂ ಅವ್ವಂಗೂ ಹೇಳಬಾರದು ಅಂತ..." ಅಂದ ಶಿವಗಂಗಮ್ಮ ಅತ್ತೇಬಿಟ್ಟಳು. "ಎರಡು ವರ್ಷ ಆತು. ರಾಣೆಬೆನ್ನೂರಾಗೆ ಇನ್ನೊಂದು ಮನೆ ಮಾಡ್ಯಾನೆ ನಿಮ್ಮ ಬಾವ. ಅಲ್ಲಿ ಒಂದು ಕೂಸೂ ಐತೆ. ಯಾವಾಗರ ಒಮ್ಮೆ ಬಂದು ಬಟ್ಟೆ ಒಯ್ತಾನೆ. ನಾ ಬೈದೆ, ಹಬ್ಬದ ದಿನಾನಾದ್ರೂ ಹಚ್ಕೋ ಅಂತ. 'ಯಾರ ಹೆಸರಿನಾಗೆ ಹಚ್ಕೊಳ್ಳಲಿ ಶಿವಗಂಗಕ್ಕ' ಅಂದ್ಲು. ನಾ ಏನು ಹೇಳ್ಲಿ ಅದಕ್ಕೆ?"

ವನಜಾಕ್ಷಿ ಪದ್ಮರಾಜಯ್ಯನವರಿಗೆ ಫೋನ್ ಮಾಡಿದಳು. ಒಂದೇ ಉಸಿರಿಗೆ ಎಲ್ಲಾ ಹೇಳಿದಳು. ಅವರು ಕೆಟ್ಟವರಲ್ಲ. "ಒಬ್ಬರಿಗಾಗಿ ತಿದ್ದುಪಡಿ ತೆಗೆಯೋಕೆ ಆ ಯಂತ್ರದಲ್ಲಿ ದಾರಿನೇ ಇಲ್ವಲ್ಲಮ್ಮ. ತೆಗೆದ್ರೆ ಎಲ್ಲರದ್ದೂ ಹೋಗುತ್ತೆ, ಅದಕ್ಕೆ ಸಮಿತಿ ಸೇರಬೇಕು. ಕಾಲಂ ಬದಲಾಯಿಸೋದೊಂದೇ ದಾರಿ. ಅದಕ್ಕೆ ಹೆಬ್ಬೆಟ್ಟು ಬೇಕು. ನೀನೇ ಬರೆದ ನಿಯಮ," ಅಂದರು.

ಬಾವನಿಗೆ ಫೋನ್ ಮಾಡಿದಳು. ಹಿಂದೆ ಮಗು ಅಳುವ ಸದ್ದು ಕೇಳಿಸಿತು. ಕೊಟ್ರೇಶ ಮೊದಲು ಗಾಬರಿಯಾದ, 'ಎಲ್ಲಿ, ಯಾವ ಆಸ್ಪತ್ರೆ' ಅಂದ. ಹೆಬ್ಬೆಟ್ಟಿನ ಮಾತು ಬಂದ ಕೂಡಲೇ ದನಿ ಬದಲಾಯಿತು. "ಏನಂದೆ? ನನ್ನ ಹೆಂಡ್ತಿ ಮುತ್ತೈದೆ ಅಲ್ಲ ಅಂತ ನಾನೇ ಬರ್ಕೊಡಬೇಕಾ? ನಾನಿನ್ನೂ ಬದುಕಿದೀನಿ ತಿಳ್ಕೋ. ಇಂಥ ಅಪಶಕುನದ ಕೆಲಸಕ್ಕೆ ನಾ ಬರಲ್ಲ. ಬೇರೆ ಆಸ್ಪತ್ರೆಗೆ ಸೇರಿಸ್ರಿ." ಫೋನ್ ಇಟ್ಟ.

ಅತ್ತೆ ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ಉಳಿದವಳು ಅವ್ವ ಒಬ್ಬಳೇ.

*

ಹಾಲಮ್ಮ ಮಗಳ ಕಾಲಿನ ಹತ್ತಿರ ಸ್ಟೂಲಿನ ಮೇಲೆ ಕೂತು ಕಂಬಳಿಯೊಳಗೆ ಕೈ ಹಾಕಿ ಪಾದ ತಿಕ್ಕುತ್ತಿದ್ದಳು. ಅವಳ ಹಣೆ ಬರಿದಾಗಿ ಹನ್ನೊಂದು ವರ್ಷ. ಮದುವೆ, ಸೀಮಂತ ಅಂದರೆ ಅಡುಗೆಮನೆ ಸೇರಿಕೊಳ್ಳುವಳು. ಯಾರಾದರೂ ಹೊರಗೆ ಕರೆದರೆ 'ನಮಗೆಲ್ಲ ಯಾಕವ್ವ' ಅನ್ನುವಳು.

ವನಜಾಕ್ಷಿ ಆಸ್ಪತ್ರೆಯ ಹೆಬ್ಬೆಟ್ಟಿನ ಯಂತ್ರ ಹಿಡಿದುಕೊಂಡು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅವ್ವಾ, ಇಲ್ಲಿ ಹೆಬ್ಬೆಟ್ಟು ಒತ್ತು. ಅಕ್ಕ ಮುತ್ತೈದೆ ಅಲ್ಲ ಅಂತ ಆಗಬೇಕು. ಆಗ ಔಷಧಿ ಸಿಗುತ್ತೆ."

ಹಾಲಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಬಿಡ್ತು ಅನ್ನು! ಏನ್ ಮಾತಾಡ್ತೀಯೇ? ಅಳಿಯ ಗುಂಡುಕಲ್ಲಿನ ಹಂಗೆ ಇದಾನೆ."

"ಇದಾನವ್ವ. ಇದು ಬರೀ ಕಾಗದದ ಮೇಲಿನ ಮಾತು."

"ಕಾಗದದ ಮೇಲಾದ್ರೆ? ನಿಮ್ಮಪ್ಪ ಹೋದ ದಿನ ನನ್ನ ಅರಿಶಿನ ಕುಂಕುಮ ಅಳಿಸಿದ್ರಲ್ಲ, ಯಾರಾದ್ರೂ ನನ್ನ ಕೇಳಿದ್ರಾ? ನನ್ನ ಕೈಯಾಗೆ ಏನೂ ಇರಲಿಲ್ಲ. ಈಗ ಹೆತ್ತ ಮಗಳದ್ದು ನಾನೇ ನನ್ನ ಕೈಯಾರೆ ಅಳಿಸ್ಲಾ? ನನಗೆ ಆಗಲ್ಲವ್ವ. ನಿನ್ನ ಕಾಲಿಗೆ ಬೀಳ್ತೀನಿ, ಬೇರೆ ಏನಾದ್ರೂ ಮಾಡು. ನೀನು ಓದಿದವಳು."

ಎದುರಿನ ಪರದೆಯಲ್ಲಿ ನಾಡಿ ನಲವತ್ತಕ್ಕೆ ಇಳಿಯಿತು. ನಿಖತ್ ಇನ್ನೊಂದು ಕಂಬಳಿ ತರಿಸಿದಳು. ವನಜಾಕ್ಷಿಗೆ ಅಕ್ಕ ಹಾಕಿಸಿದ ಆಣೆ ನೆನಪಾಯಿತು. ಆಣೆ ಉಳಿಸಿದರೆ ಅಕ್ಕ ಉಳಿಯುವುದಿಲ್ಲ. ಹೇಳಿಬಿಟ್ಟಳು.

"ಅವ್ವಾ, ಅಳಿಸೋಕೆ ಅಲ್ಲಿ ಏನೂ ಇಲ್ಲ. ಅಕ್ಕ ಅರಿಶಿನ ಬಿಟ್ಟು ಎರಡು ವರ್ಷ ಆತು. ಬಾವ ಬೇರೆ ಮನೆ ಮಾಡ್ಯಾರೆ. ನಮಗ್ಯಾರಿಗೂ ಹೇಳದೆ ಒಬ್ಬಳೇ ನುಂಗಿಕೊಂಡು ಕೂತಿದಾಳೆ."

ಹಾಲಮ್ಮ ಮಗಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಮಂಚದ ತಲೆಯ ಕಡೆ ಹೋದಳು. ಬಗ್ಗಿ, ಇಂದುಮತಿಯ ಕೊರಳ ಮೇಲೆ ಬೆರಳಿಂದ ತಿಕ್ಕಿ, ಬೆರಳನ್ನು ಮೂಗಿಗೆ ಹಿಡಿದಳು. ಮತ್ತೊಮ್ಮೆ ತಿಕ್ಕಿ ಮೂಸಿದಳು. ತಾಳಿಯ ದಾರವನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ನೋಡಿದಳು. "ಅಯ್ಯೋ ನನ್ನ ಕಂದಾ," ಅಂದಳು. "ಸೋಮಾರಿ ಅಂತ ಬೈದೆನಲ್ಲೇ ನಿನ್ನ. ಗಂಡ ಹೆಂಗೆ ನಿಲ್ತಾನೆ ಅಂತ ಬೈದೆನಲ್ಲೇ."

ಆಮೇಲೆ ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡು, "ತಾ ಇಲ್ಲಿ, ಎಲ್ಲಿ ಒತ್ತಬೇಕು?" ಅಂದಳು.

ಅಂಕಿ ತಿರುಗಿತು. ಎಪ್ಪತ್ತೊಂದು. ಕೆಂಪು. ನಿಖತ್ ಆಗಲೇ ಓಡಿದ್ದಳು. ಕಾರಿಡಾರಿನ ಕೊನೆಯಲ್ಲಿ ಕಪಾಟಿನ ಖಾನೆ ಹೊರಬಂದ ಸದ್ದು ಕೇಳಿಸಿತು. ಕೆಂಪು ದೀಪ ಕಂಡು ವನಜಾಕ್ಷಿ ಸಂತೋಷಕ್ಕೆ ಅತ್ತದ್ದು ಅದೇ ಮೊದಲು.

ಇಂಜೆಕ್ಷನ್ ಏರಿ ಹತ್ತು ನಿಮಿಷ ಆಗಿರಲಿಲ್ಲ, ಹಾಲಮ್ಮನ ಫೋನ್ ಹೊಡೆದುಕೊಂಡಿತು. ಕಾಲಂ ಬದಲಾದ ಸಂದೇಶ ಗಂಡನಿಗೆ ತಾನಾಗಿಯೇ ಹೋಗುತ್ತದೆ. ಅದೂ ನಿಯಮವೇ. ಕೊಟ್ರೇಶನ ಕೂಗಾಟ ವಾರ್ಡಿಗೆಲ್ಲ ಕೇಳುತ್ತಿತ್ತು: "ಅತ್ತೇ, ಬದುಕಿರೋವಾಗ್ಲೇ ನನ್ನ ಸಾಯಿಸಿ ಬರೆಸಿದ್ರಾ?"

"ಇಲ್ಲಪ್ಪ," ಅಂದಳು ಹಾಲಮ್ಮ, ದನಿ ಏರಿಸದೆ. "ನೀನು ನೂರು ವರ್ಷ ಬಾಳು. ಎಲ್ಲಿ ಇದೀಯೋ ಅಲ್ಲೇ ಬಾಳು. ನನ್ನ ಮಗಳೂ ಬದುಕಬೇಕಿತ್ತು, ಅದಕ್ಕೆ ಬರೆಸಿದೆ."

*

ಇಂದುಮತಿ ಕಣ್ಣು ಬಿಟ್ಟಿದ್ದು ನಾಲ್ಕನೇ ದಿನ. ಮಾತು ನಿಧಾನ, ಒಂದೊಂದೇ ಶಬ್ದ. ಮೊದಲು ಕೇಳಿದ್ದು, "ಅವ್ವಂಗೆ ಗೊತ್ತಾತಾ?"

"ಗೊತ್ತಾತು."

"ಸದ್ಯ," ಅಂದು ಕಣ್ಣು ಮುಚ್ಚಿಕೊಂಡಳು. ರೆಪ್ಪೆಯ ಸಂದಿಯಿಂದ ನೀರಿಳಿಯಿತು.

"ಅಕ್ಕ, ನಿನ್ನ ಈ ಸ್ಥಿತಿಗೆ ತಂದವಳು ನಾನು. ನಿನ್ನ ರೋಗಾನ ಅರಿಶಿನ ಅಂತ ತಿಳಿದು ಕಳೆದುಬಿಟ್ಟೆ."

ಇಂದುಮತಿ ಕಣ್ಣು ಬಿಟ್ಟು ಹೇಳಿದಳು: "ಲೆಕ್ಕ ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ ವನಜಿ. ಪ್ರತಿ ಭಾನುವಾರ ನೀನು ಬರ್ತಿದ್ದೆ. ಬಂದ ಕೂಡಲೇ ಫೋನು ತೆಗೀತಿದ್ದೆ. ಬಾವ ಎಲ್ಲಿ ಅಂತಿದ್ದೆ, ಲೋಡಿಗೆ ಅಂದ್ರೆ ಹೂಂ ಅಂತಿದ್ದೆ. ಎರಡನೇ ಸಲ ಕೇಳಿದ್ರೆ ನಾನು ಹೇಳಿಬಿಡ್ತಿದ್ದೆ ಕಣೇ. ಹೇಳಬೇಕು ಅಂತಾನೇ ಕಾಯ್ತಿದ್ದೆ."

ವನಜಾಕ್ಷಿ ಅಕ್ಕನ ಕೈ ಹಿಡಿದುಕೊಂಡು ಕೂತಳು. ಕೈ ಇನ್ನೂ ಊದಿತ್ತು, ಆದರೆ ಬೆಚ್ಚಗಿತ್ತು.

ಮಾರನೆಯ ಬೆಳಿಗ್ಗೆ ಗಿರಣಿ ಕಟ್ಟಡಕ್ಕೆ ಹೋದವಳೇ ಮೂರು ಜಿಲ್ಲೆಯ ಎರಡು ವರ್ಷದ ಅಂಕಿಗಳನ್ನು ಮುಂದೆ ಹಾಕಿಕೊಂಡಳು. ನಿಜವಾಗಿ ಅರಿಶಿನ ಹಚ್ಚುವವಳ ಅಂಕಿ, ಆ ತಿಂಗಳ ಪಟ್ಟಿ ಮಂಗಳವಾರ, ಶುಕ್ರವಾರ ಬಿದ್ದಿದ್ದರೆ ಏರಿರಬೇಕು, ಬೇರೆ ವಾರ ಬಿದ್ದಿದ್ದರೆ ಇಳಿದಿರಬೇಕು. ಏರದ, ಇಳಿಯದ ಅಂಕಿ ಯಾರದ್ದು? ಯಂತ್ರ ಹೆಸರು ಕೊಡುತ್ತ ಹೋಯಿತು. ಅದರಲ್ಲಿ ಮೂವತ್ತೆಂಟು ಕಳೆಯದಿದ್ದರೆ ಕೆಂಪಾಗಬೇಕಿದ್ದವರು ಇನ್ನೂರ ಹದಿಮೂರು ಮಂದಿ. ಎಲ್ಲರ ಕಾಲಂನಲ್ಲೂ 'ಹೌದು'.

ಪದ್ಮರಾಜಯ್ಯನವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ ಮೇಲೆ ಹೇಳಿದರು: "ಎಲ್ಲರ ಮನೆಗೂ ಒಂದು ನೋಟಿಸ್ ಕಳಿಸೋಣ. ನೀವು ಅರಿಶಿನ ಬಿಟ್ಟಿದ್ದನ್ನ ತಿಳಿಸದೇ ಇದ್ದದ್ದರಿಂದ ಅಂಕಿ ತಪ್ಪಾಗಿದೆ, ಬಂದು ರಕ್ತ ಕೊಡಿ ಅಂತ."

"ಆ ನೋಟಿಸ್ ಮೊದಲು ಒಡೆಯೋರು ಯಾರು ಸಾರ್? ಗಂಡ, ಇಲ್ಲಾ ಅತ್ತೆ. ಒಬ್ಬೊಬ್ಬಳು ಯಾಕೆ ಬಿಟ್ಟಿದಾಳೋ ನಮಗೆ ಗೊತ್ತಾ? ಒಬ್ಬಳಿಗೆ ಗಂಡ ಬೇಡವಾಗಿರಬಹುದು, ಇನ್ನೊಬ್ಬಳಿಗೆ ದೇವರು ಬೇಡವಾಗಿರಬಹುದು, ಮತ್ತೊಬ್ಬಳಿಗೆ ಬರೀ ತುರಿಕೆ ಬಂದಿರಬಹುದು. ಅದನ್ನ ಕೇಳೋಕೆ ನಾವ್ಯಾರು? ತಪ್ಪು ನನ್ನದು ಅಂತ ನಾನೇ ಹೇಳ್ತೀನಿ."

"ನಿನ್ನ ಕೆಲಸ ಹೋಗುತ್ತಮ್ಮ."

"ಹೋಗಲಿ ಸಾರ್," ಅಂದಳು. ಫೋನ್ ಎಳೆದುಕೊಂಡಳು.

ಎಲ್ಲಕ್ಕಿಂತ ದೊಡ್ಡ ಅಂಕಿ ಮೇಲೆ ಬರುವಂತೆ ಹೆಸರುಗಳನ್ನು ಜೋಡಿಸಿದ್ದಳು. ಮೊದಲನೆಯ ಹೆಸರು ಗಂಗಾಂಬಿಕೆ, ಇಪ್ಪತ್ತೊಂಬತ್ತು ವರ್ಷ, ಹೊನ್ನಾಳಿ ಕಡೆಯ ಒಂದು ಹಳ್ಳಿ. ಪಟ್ಟಿ ಕಂಡದ್ದು ತೊಂಬತ್ನಾಲ್ಕು. ಕಳೆದು ಕೊಟ್ಟದ್ದು ಐವತ್ತಾರು, ಹಸಿರು. ಫೋನ್ ಎತ್ತಿದ್ದು ವಯಸ್ಸಾದ ಹೆಂಗಸು.

"ಗಂಗಾಂಬಿಕೆ ಇದಾರಾ ಅಮ್ಮಾ? ಕೊರಳಪಟ್ಟಿ ಆಫೀಸಿಂದ ಮಾತಾಡ್ತಿರೋದು."

"ನಾನು ಅವರತ್ತೆ. ಏನು ವಿಷಯ? ಅವಳೇನು ಮಾಡಿದ್ಲು?"

"ಅವರೇನೂ ಮಾಡಿಲ್ಲಮ್ಮಾ. ಲೆಕ್ಕದಲ್ಲಿ ನನ್ನ ತಪ್ಪಾಗಿದೆ. ನಿಮ್ಮ ಸೊಸೆಯದ್ದು ಯಾವ ತಪ್ಪೂ ಇಲ್ಲ. ಅವರನ್ನ ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಬರಬೇಕು. ಸ್ವಲ್ಪ ಫೋನ್ ಕೊಡ್ತೀರಾ ಅವರಿಗೆ?"

"ಯಾವ ರೋಗ ಅವಳಿಗೆ?" ಆ ಕಡೆಯಿಂದ ಸಿಡಿಮಿಡಿ. "ಬರೀ ಸೋಮಾರಿತನ. ಮದುವೆಯಾಗಿ ಬಂದಾಗ ಹಿಂಗಿರಲಿಲ್ಲ. ಈಗ ನೋಡಿ, ಇಷ್ಟು ಹೊತ್ತಾದ್ರೂ ಎದ್ದೇ ಇಲ್ಲ. ಎರಡು ಸಲ ಕೂಗಿದೆ, ಹೂಂ ಅಂತಾನೂ ಅನ್ನಲಿಲ್ಲ."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ವನಜಾಕ್ಷಿ ಕೂತಲ್ಲಿಂದ ಎದ್ದು ನಿಂತಳು.

"ಅಮ್ಮಾ, ಈಗಲೇ ಒಳಗೆ ಹೋಗಿ," ಅಂದಳು. "ಫೋನ್ ಇಡಬೇಡಿ, ಕೈಯಲ್ಲೇ ಹಿಡ್ಕೊಂಡು ಹೋಗಿ. ಅವರ ಮೈ ಮುಟ್ಟಿ ನೋಡಿ. ತಣ್ಣಗಿದೆಯಾ ನೋಡಿ ಹೇಳಿ."